ಹಂಪ್ ಹಾಕಿಸಿದ ಮಹನೀಯರಿಗೊಂದು ಬಹಿರಂಗ ಪತ್ರ

ನಮ್ಮ ರಸ್ತೆಗೆ ಹಂಪ್ ಹಾಕಿಸಿದ ಮಹನೀಯರ ಸನ್ನಿಧಿಗೆ,

ನಾವೆಲ್ಲ ಕ್ಷೇಮ, ಬೈಕಿನ ಮುಂದಿನ ಫೋರ್ಕ್ ಮಾತ್ರ ಎಣ್ಣೆ ಕಾರುತ್ತಿತ್ತು. ಈಗ ಅದೂ ಕ್ಷೇಮ. ಅದರ ಆಯಿಲ್ ಸೀಲ್‌ಗಳನ್ನು ನಾನೇ ಮನೆಯಂಗಳದಲ್ಲಿ ಬದಲಿಸಿದೆ. ಈ ವಿದ್ಯೆಗೆ ಪ್ರೇರಣೆಯಾದ ತಮಗೆ ಕೃತಜ್ಞತೆ ಹೇಳದಿದ್ದರೆ ಗುರುದ್ರೋಹವಾದೀತೆಂದು ಈ ಪತ್ರ.

ತಾವು ಕಾರಿನ ಹಿಂದಿನ ಸೀಟಿನಲ್ಲಿ ಓಡಾಡುವವರು, ತಮಗೆ ಫೋರ್ಕಿನ ಪರಿಚಯ ಇರಲಿಕ್ಕಿಲ್ಲ. ಬೈಕಿನ ಮುಂಚಕ್ರದ ಇಕ್ಕೆಲದಲ್ಲೂ ಒಂದು ಕೊಳವೆ ಇನ್ನೊಂದರೊಳಗೆ ಜಾರುತ್ತಿರುತ್ತದೆ. ಒಳಗಿನ ಸ್ಪ್ರಿಂಗ್ ಏಟು ತಿನ್ನುತ್ತದೆ. ಸಣ್ಣ ರಂಧ್ರಗಳಲ್ಲಿ ನುಗ್ಗುವ ಎಣ್ಣೆ ಆ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ಎಣ್ಣೆ ಹೊರಬಾರದಂತೆ ಕಾಯುವುದು ರಬ್ಬರಿನ ಒಂದು ಬಳೆ, ಅದೇ ಆಯಿಲ್ ಸೀಲ್. ಅದು ಸೋತರೆ ಎಣ್ಣೆ ಇಳಿದು ಬ್ರೇಕಿನ ಡಿಸ್ಕ್, ಪ್ಯಾಡ್‌ಗಳನ್ನು ಮುಟ್ಟುತ್ತದೆ. ಆಮೇಲೆ ಲಿವರ್ ಎಷ್ಟು ಒತ್ತಿದರೂ ಬೈಕ್ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

ಶ್ರೇಯಸ್ಸೆಲ್ಲ ತಮಗೇ ಎನ್ನಲಾರೆ. ರಬ್ಬರಿಗೂ ವಯಸ್ಸಾಗುತ್ತದೆ. ಕೊಳವೆಗೆ ಮೆತ್ತಿ ಒಣಗಿದ ಕೆಸರು ಸೀಲಿನ ತುಟಿಯನ್ನು ಹರಿಯುತ್ತದೆ. ಒಮ್ಮೊಮ್ಮೆ ತುಟಿಯಡಿ ಸಿಕ್ಕಿದ ಮರಳಿನ ಕಣವನ್ನು ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆದರೆ ಸೋರುವುದು ನಿಂತೂಬಿಡುತ್ತದೆ. ಬಿಚ್ಚುವ ಮೊದಲು ಇದನ್ನು ನೋಡಬೇಕು. ಕೊಳವೆಯ ಕ್ರೋಮ್ ಲೇಪನದಲ್ಲಿ ತುಕ್ಕು ಹಿಡಿದು ಗುಳಿಬಿದ್ದಿದ್ದರೆ ಹೊಸ ಸೀಲನ್ನೂ ಅದು ಕತ್ತರಿಸುತ್ತದೆ. ಆಗ ಕೊಳವೆಯನ್ನೇ ಬದಲಿಸಬೇಕು. ಆದರೆ ರಾತ್ರಿ ಕಾಣದ ಹಂಪಿಗೆ ಬಡಿದು ಫೋರ್ಕ್ ತಳಮುಟ್ಟಿದಾಗಲೆಲ್ಲ ಸೀಲ್ ತಿನ್ನುವ ಏಟಿದೆಯಲ್ಲ, ಅದು ಸಂಪೂರ್ಣ ತಮ್ಮ ಕೊಡುಗೆ.

ಈ ಕೆಲಸದಲ್ಲಿ ಮೊದಲ ಪಾಠ, ಯಾವುದಾದ ಮೇಲೆ ಯಾವುದು ಎಂಬುದು. ಮೇಲಿನ ಕ್ಯಾಪ್ ಬೋಲ್ಟನ್ನು ಫೋರ್ಕಿನ ಕಾಲು ಬೈಕಿನಲ್ಲಿರುವಾಗಲೇ ಸಡಿಲಿಸಬೇಕು, ಕಳಚಿದ ಮೇಲೆ ಬಿಗಿಯಾಗಿ ಹಿಡಿಯುವವರಿರುವುದಿಲ್ಲ. ಕೊನೆಯ ಸುತ್ತಿನಲ್ಲಿ ಅಂಗೈ ಒತ್ತಿಟ್ಟು ಮುಖ ಪಕ್ಕಕ್ಕೆ ತಿರುಗಿಸಬೇಕು, ಅಡಿಯ ಸ್ಪ್ರಿಂಗ್ ಕ್ಯಾಪನ್ನು ಹಾರಿಸೀತು. ಬುಡದ ಅಲೆನ್ ಬೋಲ್ಟನ್ನು ಸ್ಪ್ರಿಂಗ್ ಒಳಗಿರುವಾಗಲೇ ಅಲುಗಿಸಬೇಕು. ಇಲ್ಲವಾದರೆ ಒಳಗಿನ ಡ್ಯಾಂಪರ್ ರಾಡ್ ಕೂಡ ಬೋಲ್ಟಿನ ಜೊತೆ ಸುಮ್ಮನೆ ಸುತ್ತುತ್ತದೆ. ಡಾಂಬರು ಹಾಸಿದ ಮೇಲೆಯೇ ಪೈಪಿಗೆ ಅಗೆಯಬೇಕೆಂಬ ತಮ್ಮ ಸಂಪ್ರದಾಯದವರಿಗೆ ಈ ಕ್ರಮ ವಿಚಿತ್ರವೆನಿಸಬಹುದು, ಕ್ಷಮಿಸಿ.

ಎರಡನೆಯ ಪಾಠ ನಾಜೂಕು. ಡಸ್ಟ್ ಸೀಲ್ ಎಬ್ಬಿಸಿ, ತಂತಿಯ ಸರ್ಕ್ಲಿಪ್ ಬಿಡಿಸಿ, ಹಳೆಯ ಸೀಲನ್ನು ಮೀಟಿ ತೆಗೆಯುವಾಗ ಅದು ಕೂತಿದ್ದ ಗೋಡೆಗೆ ಗೀರು ಬೀಳಬಾರದು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಕೊಂಡ ಹೊಸ ಸೀಲಿನ ತುಟಿಗೆ ಫೋರ್ಕ್ ಆಯಿಲ್ ಸವರಿ, ಕೊಳವೆಯ ಅಂಚಿಗೆ ಪಾಲಿಥೀನ್ ಸುತ್ತಿ ಮೆಲ್ಲಗೆ ಇಳಿಸಬೇಕು. ಸೀಲಿನ ಮೇಲಿನ ಅಕ್ಷರಗಳು ಆಕಾಶ ನೋಡುತ್ತಿರಬೇಕು. ಹಳೆಯ ಸೀಲನ್ನೇ ಮೇಲಿಟ್ಟು, ಅಳತೆಗೆ ಒಪ್ಪುವ ಪಿವಿಸಿ ಪೈಪಿನಿಂದ ಸುತ್ತಲೂ ಸಮನಾಗಿ ತಟ್ಟುತ್ತ ಹೋಗಿ, ಸರ್ಕ್ಲಿಪ್ಪಿನ ತೋಡು ಪೂರ್ತಿ ಕಂಡಾಗ ಕೆಲಸ ಮುಗಿಯಿತು.

ಮೂರನೆಯದು ಅಳತೆ. ಕೈಪಿಡಿ ಹೇಳಿದ ಗ್ರೇಡಿನ ಎಣ್ಣೆ, ಹೇಳಿದಷ್ಟೇ ಮಿಲಿಲೀಟರ್, ಎರಡೂ ಕಾಲಿಗೆ ಸಮಸಮ. ಕಡಿಮೆಯಾದರೆ ಫೋರ್ಕ್ ಮುಳುಗುತ್ತದೆ, ಹೆಚ್ಚಾದರೆ ಸೆಟೆಯುತ್ತದೆ, ಹೊಸ ಸೀಲೂ ಚಿಮ್ಮಬಹುದು. ಹಾಗಾಗಿ ಅಂಗಳದಲ್ಲಿ ಚಕ್ಕಳಮಕ್ಕಳ ಕೂತು ಅಳತೆಯ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದೆ. ಹಾಗೆ ಹಿಡಿದಾಗಲೇ ತಮ್ಮ ನೆನಪಾದದ್ದು.

ಏಕೆಂದರೆ ಹಂಪಿಗೂ ಒಂದು ಕೈಪಿಡಿ ಇದೆ. ಅದನ್ನು ಬರೆದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿದ್ದು 1934ರಲ್ಲಿ. ಎಣ್ಣೆಯ ಟೆಲಿಸ್ಕೋಪಿಕ್ ಫೋರ್ಕ್ ಬಿಎಂಡಬ್ಲ್ಯು ಆರ್ 12 ಬೈಕಿನ ಮೂಲಕ ಮಾರುಕಟ್ಟೆಗೆ ಬಂದದ್ದು 1935ರಲ್ಲಿ. ಇಬ್ಬರೂ ಓರಗೆಯವರೇ. ಆ ಕಾಂಗ್ರೆಸ್ 1988ರಲ್ಲಿ ಐಆರ್‌ಸಿ 99 ಎಂಬ ಮಾರ್ಗಸೂಚಿಯನ್ನು ಪ್ರಕಟಿಸಿತು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಮೇಲೆ ಕಪ್ಪು-ಬಿಳಿ ಪಟ್ಟೆ, 40 ಮೀಟರ್ ಮೊದಲೇ ಎಚ್ಚರಿಕೆಯ ಫಲಕ ಬೇಕು ಎಂದಿತ್ತು ಅದು. ನಮ್ಮ ರಸ್ತೆಯದರಲ್ಲಿ ಎತ್ತರ ಧಾರಾಳವಾಗಿದೆ, ಅಗಲ ಒಂದು ಗೇಣು, ಪಟ್ಟೆಯೂ ಇಲ್ಲ, ಫಲಕವೂ ಇಲ್ಲ. ಬಾಣಲಿಯಲ್ಲಿ ಉಳಿದ ಡಾಂಬರೆಷ್ಟೋ ಅಷ್ಟು ಹಂಪ್ ಎಂಬುದು ತಮ್ಮ ಮಾರ್ಗಸೂಚಿಯೆಂದು ನಾವು ತಿಳಿದಿದ್ದೇವೆ.

ಹಂಪೇ ಬೇಡ ಎಂಬ ಉದ್ಧಟತನ ನನ್ನದಲ್ಲ. ಶಾಲೆಯ ಮುಂದೆ, ಕೂಡುರಸ್ತೆಯಲ್ಲಿ ಅದು ಮಕ್ಕಳ ಜೀವ ಉಳಿಸುತ್ತದೆ. ಆದರೆ ವೇಗ ತಗ್ಗಿಸಬೇಕಾದ ಹಂಪ್ ಬ್ರೇಕಿಗೇ ಎಣ್ಣೆ ಇಳಿಸುವಂತಾದರೆ, ಅದು ಯಾರನ್ನು ಕಾಪಾಡಿದಂತಾಯಿತು? ಸೀಲ್ ಬದಲಿಸಲಾಗದವರು ಎಣ್ಣೆ ಒರೆಸಿಕೊಂಡೇ ಓಡಿಸುತ್ತಿದ್ದಾರೆ. ಹಾಲು ಹಾಕುವವರು, ಪಾರ್ಸೆಲ್ ತಲುಪಿಸುವವರು, ಹಿಂದೆ ಮಗುವನ್ನು ಕೂರಿಸಿಕೊಂಡವರು, ಇವರೆಲ್ಲ ಅಂಗಳದಲ್ಲಿ ಮೆಕ್ಯಾನಿಕ್ಕಾಗುವಷ್ಟು ಬಿಡುವು ಪಡೆದವರಲ್ಲ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಮುಂದಿನ ಸಲ ಡಾಂಬರಿನ ಜೊತೆಗೊಂದು ಅಳತೆಯ ಟೇಪನ್ನೂ ಒಂದು ಡಬ್ಬಿ ಬಿಳಿ ಬಣ್ಣವನ್ನೂ ತರಿಸಿ. ಟೇಪ್ ಮಂಜೂರಾಗದಿದ್ದರೆ ತಿಳಿಸಿ, ನನ್ನದನ್ನೇ ಕಳಿಸಿಕೊಡುತ್ತೇನೆ.

ಇಂತಿ ತಮ್ಮ ವಿಧೇಯ,
ದಿನವೂ ಅದೇ ರಸ್ತೆಯಲ್ಲಿ ಓಡಾಡುವ ಒಬ್ಬ ಬೈಕ್ ಸವಾರ