ಒಂದು ಸಣ್ಣ ಐಡಿಯಾ, ಮೇಡಂ

ಶ್ರೀನಿವಾಸಪುರದ ತೋಟಗಳಲ್ಲಿ ಮಾವು ಹೂಬಿಟ್ಟಿತೆಂದರೆ ಬೆಂಗಳೂರಿನ ಪತ್ರಿಕಾ ಕಚೇರಿಗಳಲ್ಲಿ ಫೋನು ಬಡಿದುಕೊಳ್ಳುತ್ತದೆ. ‘ಮೇಡಂ, ಒಂದು ಸಣ್ಣ ಐಡಿಯಾ. ಮಾವು ಮತ್ತು ಮಧುಮೇಹ. 800 ಪದ, ಜೊತೆಗೊಂದು ಬಾಕ್ಸು. ನಾಳೆ ಬೆಳಿಗ್ಗೆ ಕಳಿಸ್ಲಾ?’ ಆರೋಗ್ಯ ಪುರವಣಿ ನೋಡಿಕೊಳ್ಳುವ ಉಪಸಂಪಾದಕಿ ಹೆಸರು ಕೇಳುವುದಿಲ್ಲ. ನಿವೃತ್ತ ಮೇಷ್ಟ್ರು. ಕೋಲಾರ ಸೀಮೆಯಲ್ಲಿ ಹೋಬಳಿಗೊಬ್ಬರಾದರೂ ಇಂಥವರು ಸಿಗುತ್ತಾರೆ.

ಮೇಷ್ಟ್ರ ಆರೋಗ್ಯಶಾಸ್ತ್ರ ನಡೆಯುವುದು ಎಪಿಎಂಸಿ ಧಾರಣೆಯ ಮೇಲೆ. ಬೆಲೆ ಬಿದ್ದು ರೈತರು ಟೊಮೆಟೊ ರಸ್ತೆಗೆ ಸುರಿದ ವಾರ, ‘ಮುಖದ ಕಾಂತಿಗೆ ಟೊಮೆಟೊ ರಾಮಬಾಣ’. 2023ರ ಜುಲೈಯಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತಲ್ಲ, ಆಗ ಅದೇ ಲೇಖನಿಯಿಂದ, ‘ಟೊಮೆಟೊ ಯಾಕೆ, ಹುಣಸೆಹಣ್ಣು ಸಾಲದೆ?’

‘ತಜ್ಞರ ಪ್ರಕಾರ’ ಎಂದಿದ್ದರೆ ಅದು ಮಾಲೂರಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ಭಾಮೈದ. ‘ವಿದೇಶಿ ಸಂಶೋಧನೆಯೊಂದು ಹೇಳುವಂತೆ’ ಎಂದಿದ್ದರೆ ಭಾಮೈದನ ಮಗ, ಟೆಕ್ಸಾಸ್‌ನಲ್ಲಿದ್ದಾನೆ.

‘ಎಣ್ಣೆ ತುಪ್ಪ ಬಿಡಿ’ ಲೇಖನವನ್ನು ಮೊಬೈಲಿನಲ್ಲಿ ಟೈಪಿಸಿದ್ದು ಮುಳಬಾಗಿಲಿನ ದೋಸೆ ಹೋಟೆಲಿನಲ್ಲಿ. ಬಲಗೈಗೆ ಬೇರೆ ಕೆಲಸವಿದ್ದುದರಿಂದ ಎಡಗೈ ಹೆಬ್ಬೆರಳೊಂದೇ ದುಡಿಯಿತು. ಹಾಗಾಗಿ ‘ಕೊಬ್ಬು ಕಡಿಮೆ ಮಾಡಿ’ ಎಂಬುದು ‘ಕಬ್ಬು ಕಡಿಮೆ ಮಾಡಿ’ ಎಂದು ಅಚ್ಚಾಗಿ, ಮಂಡ್ಯದ ಓದುಗರೊಬ್ಬರಿಂದ ಖಾರವಾದ ಪತ್ರ ಬಂತು. ಮೇಷ್ಟ್ರು ಅದನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದಾರೆ. ಲೇಖನವನ್ನು ಪೂರ್ತಿ ಓದಿದವರು ಆ ಮಂಡ್ಯದವರೊಬ್ಬರೇ ಅಂತೆ.

ಡಾ. ಎಂ. ಶಿವರಾಂ ವೈದ್ಯರಾಗಿದ್ದು 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಶುರು ಮಾಡಿ ಕನ್ನಡಿಗರನ್ನು ನಗಿಸಿದರು. ನಮ್ಮ ಮೇಷ್ಟ್ರು ವೈದ್ಯಕೀಯ ಬರೆದೇ ನಗಿಸುತ್ತಾರೆ.

ಒಂದು ದಿನ ಉಪಸಂಪಾದಕಿಯೇ ಕೇಳಿದರಂತೆ: ‘ಸಾರ್, ನಿಮ್ಮ ಕಡೆ ನೀರಲ್ಲಿ ಫ್ಲೋರೈಡ್ ಅಂತಾರಲ್ಲ, ಅದನ್ನೇ ಬರೀರಿ.’

‘ಅದರಲ್ಲಿ ಆರೋಗ್ಯ ಎಲ್ಲಿದೆ ಮೇಡಂ? ಅದು ಕಾಯಿಲೆ. ಟಿಪ್ಸೂ ಬರಲ್ಲ.’

ಟಿಪ್ಸ್ ಬರುವುದಿಲ್ಲ ಎಂಬುದು ಮಾತ್ರ ನಿಜ. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಗಿಲ್ಲ. ಕೆರೆ ಬತ್ತಿದಂತೆ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದವು. ಬಂಡೆಯೊಳಗಿನ ಫ್ಲೋರೈಡು ನೀರಿನ ಜೊತೆ ಮೇಲೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಿಯಮ. ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ, ವಯಸ್ಸಾದವರ ಮಂಡಿ ಬಗ್ಗುವುದಿಲ್ಲ. 2018ರಿಂದ ಕೆರೆಗಳಿಗೆ ಬರುತ್ತಿರುವ ಕೆ.ಸಿ. ವ್ಯಾಲಿ ನೀರು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ್ದು, ಅದು ಕುಡಿಯುವುದಕ್ಕಲ್ಲ. ಮೇಷ್ಟ್ರೋ, ಮುಂಗಾರು ಬಂದಾಗಲೆಲ್ಲ ‘ನೀರು ಕುದಿಸಿ, ಆರಿಸಿ, ಕುಡಿಯಿರಿ’ ಎಂದು ಬರೆಯುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಹೆಚ್ಚುತ್ತದೆ.

ಮೂವತ್ತು ವರ್ಷ ಆ ಹಲ್ಲುಗಳ ಮುಂದೆ ನಿಂತು ಪಾಠ ಮಾಡಿದವರು ಮೇಷ್ಟ್ರು. ಈ ವಿಷಯಕ್ಕೆ ಅವರಿಗೆ ಭಾಮೈದ ಬೇಕಿಲ್ಲ, ಟೆಕ್ಸಾಸೂ ಬೇಕಿಲ್ಲ. ಸಂಪಾದಕರೇ, ಈ ಸಲ ಅವರು ಮಾವಿನ ಐಡಿಯಾ ಹಿಡಿದು ಫೋನ್ ಮಾಡಿದರೆ ಬೇಡ ಅನ್ನಿ. ನೀರಿನ ಬಗ್ಗೆ ಬರೆದರೆ ಸಂಭಾವನೆ ಎರಡರಷ್ಟು, ಬೈಲೈನ್ ಜೊತೆಗೆ ಫೋಟೋ ಕೂಡ ಅನ್ನಿ. ಖಂಡಿತ ಬರೀತಾರೆ.