ಭಾನುವಾರದ ಅಭ್ಯಂಜನ

ಚೆನ್ನೈನ ಕೋಯಂಬೇಡಿನಲ್ಲಿ ಸೂರ್ಯನಿಗಿಂತ ಮೊದಲು ಲಾರಿಗಳು ಹುಟ್ಟುತ್ತವೆ. ಕೋಲಾರದ ಟೊಮೆಟೊ, ಊಟಿಯ ಕ್ಯಾರೆಟ್ಟು, ಹೊಸೂರಿನ ಹೂವು ಎಲ್ಲಕ್ಕೂ ಇಲ್ಲಿಯೇ ಸುಪ್ರಭಾತ. 1996ರಲ್ಲಿ ಸಗಟು ಮಾರುಕಟ್ಟೆ ಹಳೆಯ ಕೊತ್ತವಾಲ್ ಚಾವಡಿಯನ್ನು ಬಿಟ್ಟು ಇಲ್ಲಿಗೆ ಬಂದಂದಿನಿಂದ ಈ ರಸ್ತೆಗಳು ಪೂರಾ ಒಣಗಿದ್ದನ್ನು ಕಂಡವರಿಲ್ಲ. ಮಳೆಯಿಲ್ಲದ ದಿನ ನೆಲದ ಮೇಲೆ ಟೊಮೆಟೊ ರಸ, ಮಳೆ ಬಂದ ದಿನ ಟೊಮೆಟೊ ಸಾರು. ಇಂಥ ಜಾಗದಲ್ಲಿ ಮನೆ ಮಾಡಿಕೊಂಡು, ಕಾರಿನ ನಾಲ್ಕೂ ಟೈರು ಎಣ್ಣೆ ಹಚ್ಚಿದ ಸಾಲಿಗ್ರಾಮದ ಹಾಗೆ ಇರಬೇಕೆಂದು ಹಟ ಹಿಡಿದವರು ನಮ್ಮ ಅಪಾರ್ಟ್‌ಮೆಂಟಿನ ರಾಯರು.

ಬ್ಯಾಂಕಿನ ವರ್ಗಾವಣೆಯಲ್ಲಿ ಮದರಾಸಿಗೆ ಬಂದು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದವರು. ತಲೆಕೂದಲು ಹತ್ತಿಯಷ್ಟು ಬೆಳ್ಳಗಿದೆ. ಯಾರಾದರೂ ಡೈ ವಿಷಯ ಎತ್ತಿದರೆ ಸಿಡುಕುತ್ತಾರೆ: "ವಯಸ್ಸು ಮುಚ್ಚಿಡೋದು ನನಗಾಗದ ಮಾತು." ಇದನ್ನು ಹೇಳುವಾಗ ಅವರ ಕೈಯಲ್ಲಿ ಸ್ಪಂಜು, ಮುಂದೆ ಟೈರು.

ಭಾನುವಾರ ಆರು ಗಂಟೆಗೆ ಮೋಟು ಪಂಚೆ ಉಟ್ಟು, ಎರಡು ಬಕೆಟ್ಟು, ಒಂದು ಗಡುಸು ಬ್ರಷ್ಷು, ಒಂದು ಮಣೆ ಹಿಡಿದು ಇಳಿಯುತ್ತಾರೆ. ಮಣೆ ಅಡುಗೆಮನೆಯದು. ಅದು ಕಾಣೆಯಾದ ವಾರ ಅವರ ಮನೆಯಾಕೆ ನಿಂತೇ ಪಲ್ಯ ಹೆಚ್ಚುತ್ತಾರೆ. ಮೊದಲು ಟೈರಿಗೆ ಸೋಪು ಹಾಕಿ ಉಜ್ಜುವುದು. ನೊರೆ ಕಂದು ಬಣ್ಣಕ್ಕೆ ಬರುತ್ತದೆ. ನಮ್ಮಂಥವರು ಅದನ್ನು ಮಣ್ಣು ಅಂದುಕೊಂಡರೆ ಮುಗಿಯಿತು, ಪಾಠ ಶುರು. "ಮಣ್ಣಲ್ಲ ಸ್ವಾಮಿ, ರಬ್ಬರಿನ ಬೆವರು! ಗಾಳಿಯಲ್ಲಿ ಓಜೋನ್ ಅಂತ ಇದೆಯಲ್ಲ, ಅದು ರಬ್ಬರನ್ನ ಸೀಳದಿರಲಿ ಅಂತ ಒಳಗೊಂದು ಔಷಧಿ ಬೆರೆಸಿರ್ತಾರೆ. ಅದು ಮೆಲ್ಲಗೆ ಮೇಲಕ್ಕೆ ಬಂದು ಕಂದಾಗತ್ತೆ. ಅದನ್ನ ತೊಳೀದೆ ಪಾಲಿಶ್ ಬಳಿದರೆ, ಸ್ನಾನ ಮಾಡದೆ ಗಂಧ ಹಚ್ಚಿಕೊಂಡ ಹಾಗೆ." ಅಕ್ಕಿ ತೊಳೆದಂತೆ ಮೂರು ನೀರು ಬದಲಾಗಿ ನೊರೆ ಬೆಳ್ಳಗಾಗುವವರೆಗೆ ಅವರು ಏಳುವುದಿಲ್ಲ.

ಟೈರು ಒಂದು ಕಾಲಕ್ಕೆ ಬೆಳ್ಳಗಿತ್ತು ಎಂಬುದೂ ನನಗೆ ಗೊತ್ತಾದದ್ದು ಆ ಮಣೆಯ ಬಳಿಯೇ. ಇಂಗಾಲದ ಮಸಿ ಬೆರೆಸಲು ಕಲಿತ ಮೇಲೆ ಟೈರಿಗೆ ಬಲ ಬಂತು, ಬಿಸಿಲು ತಡೆಯುವ ಶಕ್ತಿ ಬಂತು, ಬಣ್ಣ ಹೋಯಿತು. "ಆ ಮಿಶೆಲಿನ್ ಕಂಪನಿ ಗೊಂಬೆ ಯಾಕೆ ಬೆಳ್ಳಗಿದೆ ಹೇಳಿ? 1898ರಲ್ಲಿ ಅವನು ಹುಟ್ಟಿದಾಗ ಟೈರುಗಳೇ ಕಪ್ಪಿರಲಿಲ್ಲ!" ಅಷ್ಟು ಹೇಳಿ, ಆ ಗೊಂಬೆಗೂ ಒಂದು ಕೈ ಬಳಿದುಬಿಡಬೇಕು ಎನ್ನುವಂತೆ ನೋಡುತ್ತಾರೆ.

ಈ ಜ್ಞಾನವೆಲ್ಲ ಸುಮ್ಮನೆ ಬಂದದ್ದಲ್ಲ. ಮೊದಮೊದಲು ರಾಯರೂ ವಾಟರ್ ವಾಶ್ ಅಂಗಡಿಯ ಗಿರಾಕಿಯೇ. ಅಲ್ಲಿನ ಹುಡುಗ ಎಲ್ಲ ಮುಗಿದ ಮೇಲೆ ದಕ್ಷಿಣೆ ಕೊಟ್ಟಂತೆ ಟೈರಿನ ಮೇಲೆ ಅದೇನೋ ಜಿಡ್ಡಿನ ದ್ರವ ಚಿಮುಕಿಸಿ, "ಸೂಪರ್ ಸಾರ್" ಅಂದ. ಸೂಪರಾಗಿಯೇ ಇತ್ತು. ವಡಪಳನಿ ದಾಟುವಷ್ಟರಲ್ಲಿ ಚಕ್ರ ತಿರುಗಿದ ರಭಸಕ್ಕೆ ಅದೆಲ್ಲ ಹಾರಿ ಬಿಳಿ ಬಾಗಿಲಿನ ಮೇಲೆ ಸಾಲುಸಾಲು ಕಪ್ಪು ಚುಕ್ಕಿ. "ದೃಷ್ಟಿಬೊಟ್ಟು ಅಂದ್ಕೊಳ್ಳಿ, ಬಿಡಿ" ಎಂದರು ಮನೆಯಾಕೆ. ರಾಯರು ಬಿಡಲಿಲ್ಲ. ಅಂದಿನಿಂದ ಸ್ವಯಂಪಾಕ.

ಪ್ರಯೋಗಗಳ ಕಾಲ ಅದು. ಬೂಟ್ ಪಾಲಿಶ್ ಹಚ್ಚಿದರು. ಅದು ಟೈರಿಗಿಂತ ಹೆಚ್ಚಾಗಿ ಮನೆಯಾಕೆಯ ಮೈಸೂರು ಸಿಲ್ಕಿನ ಸೆರಗಿಗೆ ಹತ್ತಿತು. ಕೊಬ್ಬರಿ ಎಣ್ಣೆ ಹಚ್ಚಿದರು. ರಾತ್ರಿಯೆಲ್ಲ ಬೀದಿನಾಯಿ ಬಂದು ಎಡಗಡೆಯ ಎರಡು ಟೈರನ್ನೂ ನೆಕ್ಕಿ ಹೋಯಿತು. ನಾಯಿ ನೆಕ್ಕಿದ ಮೇಲೂ ಹೊಳಪು ಸಮವಾಗಿಯೇ ಇತ್ತು ಎಂದು ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ಔಷಧಿ ಅಂಗಡಿಯ ಗ್ಲಿಸರಿನ್ನಿಗೆ ನೀರು ಬೆರೆಸಿ ಹಚ್ಚಿದರು. ಕಂಡದ್ದು ಚೆನ್ನ, ಆದರೆ ಧೂಳಿಗೆ ಅದೆಂದರೆ ಪ್ರಾಣ, ಮೊದಲ ಮಳೆಗೆ ಪೂರಾ ನೀರುಪಾಲು. ಕೊನೆಗೆ ಜನರಲ್ ಪ್ಯಾಟರ್ಸ್ ರಸ್ತೆಯ ಕಾರು ಸಾಮಾನಿನ ಅಂಗಡಿಗಳನ್ನು ಒಂದೊಂದಾಗಿ ಹತ್ತಿಳಿದು ತೀರ್ಪಿಗೆ ಬಂದರು: ಪೆಟ್ರೋಲಿಯಂ ದ್ರಾವಕದಲ್ಲಿ ಸಿಲಿಕೋನ್ ಎಣ್ಣೆ ಬೆರೆಸಿದ್ದು ಫಳಫಳ ಹೊಳೆದು ಹೆಚ್ಚು ದಿನ ನಿಲ್ಲುತ್ತದೆ, ಧೂಳನ್ನೂ ಕರೆಯುತ್ತದೆ, ಬಾಗಿಲಿಗೂ ಹಾರುತ್ತದೆ, ನೀರಿನಲ್ಲಿ ಬೆರೆಸಿದ, ಮಜ್ಜಿಗೆಯ ಹಾಗೆ ಬೆಳ್ಳಗಿರುವುದು ಬೇಗ ಮಾಸುತ್ತದೆ, ಆದರೆ ಹೊಸ ಟೈರಿನ ಹಾಗೆ ತಣ್ಣಗೆ ಕಪ್ಪಾಗಿರುತ್ತದೆ. "ಹೊಳೆಯೋದು ಸೆಕೆಂಡ್ ಹ್ಯಾಂಡ್ ಗಾಡಿ ಮಾರೋರಿಗೆ. ಸಂಸಾರಸ್ಥರಿಗೆ ಮಜ್ಜಿಗೆ."

ಹಚ್ಚುವುದಕ್ಕೂ ಮಡಿ ಇದೆ. ದ್ರವ ಟೈರಿನ ಮೇಲೆ ನೇರ ಬೀಳಬಾರದು, ಸ್ಪಂಜಿಗೆ ಬೀಳಬೇಕು. ಪಕ್ಕೆಗೆ ಮಾತ್ರ; ರಸ್ತೆ ಮುಟ್ಟುವ ಭಾಗಕ್ಕೆ ಹಚ್ಚಿದರೆ ಜಾರಿ ಸಾಯುತ್ತೀರಿ, ಬ್ರೇಕಿಗೆ ಸೋಕಿದರೆ ನಿಲ್ಲದೆ ಸಾಯುತ್ತೀರಿ. ಎರಡನೇ ಮಹಡಿಯ ಹುಡುಗ ಒಮ್ಮೆ ತನ್ನ ಬೈಕಿಗೂ ಒಂದು ಚೂರು ಕೇಳಿದ್ದಕ್ಕೆ ರಾಯರು ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಬೈಕು ತಿರುವಿನಲ್ಲಿ ವಾಲುವುದು ಟೈರಿನ ಅಂಚಿನ ಮೇಲೆ ತಾನೆ! ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು, ಹೀರದೆ ಉಳಿದದ್ದನ್ನು ಹಳೆಯ ಬನಿಯನ್ನಿನಿಂದ ಒರೆಸಬೇಕು. ಚುಕ್ಕಿ ಹಾರದಿರುವ ಗುಟ್ಟು ಆ ಬನಿಯನ್ನಿನಲ್ಲೇ ಇದೆಯಂತೆ.

ಇಷ್ಟಕ್ಕೇ ಮುಗಿದಿದ್ದರೆ ಒಂಬತ್ತಕ್ಕೆ ತಿಂಡಿ ಆಗುತ್ತಿತ್ತು. ಆದರೆ ಈಗಿನ ಗಾಡಿಗಳಿಗೆ ಇಳಕಲ್ ಸೀರೆಗೆ ಅಂಚಿರುವ ಹಾಗೆ ಸುತ್ತಲೂ ಕಪ್ಪು ಪ್ಲಾಸ್ಟಿಕ್ಕು: ಬಂಪರ್ ಕೆಳಗೆ, ಚಕ್ರದ ಕಮಾನಿಗೆ, ಬಾಗಿಲ ಬುಡಕ್ಕೆ, ವೈಪರ್ ಹತ್ತಿರ. ಬಣ್ಣ ಹೊಡೆಯದ ಈ ಪ್ಲಾಸ್ಟಿಕ್ಕಿನ ಮೇಲ್ಪದರವನ್ನು ಬಿಸಿಲು ಪುಡಿಗಟ್ಟಿಸುತ್ತದೆ. ಚೆನ್ನೈನ ಎರಡು ಅಗ್ನಿನಕ್ಷತ್ರದ ಬೇಸಿಗೆ ಕಳೆದರೆ ಸಾಕು, ಬಂಪರಿನ ಮೇಲೆ ಬೂದುಗುಂಬಳದ ಬೂದಿ. ಎಣ್ಣೆ ಸವರಿದರೆ ಒಂದು ವಾರ ಕಪ್ಪು, ಮತ್ತೆ ಬೂದಿ. ಬಿಸಿಗಾಳಿ ಊದಿದರೆ ಪವಾಡದ ಹಾಗೆ ಕಪ್ಪು ಮರಳುತ್ತದೆ, ಕೆಲವು ತಿಂಗಳಿಗೆ ಪವಾಡವೂ ಬಾಡುತ್ತದೆ. (ಹೆಚ್ಚು ಹೊತ್ತು ಊದಿದರೆ ಬಂಪರ್ ಹಪ್ಪಳದಂತೆ ಸೊಟ್ಟಗಾಗುತ್ತದೆ. ರಾಯರ ಗಾಡಿಯ ಹಿಂದಿನ ಬಲಮೂಲೆ ನೋಡಬಹುದು. ಅದರ ಬಗ್ಗೆ ಕೇಳಬಾರದು.) ಈಗ ಅವರು ಸ್ಪಿರಿಟ್ಟಿನಲ್ಲಿ ಒರೆಸಿ ಅಂಟಿಸುವ ಲೇಪನಕ್ಕೆ ಬಂದಿದ್ದಾರೆ. ಬೆರಳುದ್ದದ ಬಾಟಲಿಗೆ ಕೊಟ್ಟ ಬೆಲೆ ಮನೆಯಾಕೆಗೆ ಇನ್ನೂ ತಿಳಿದಿಲ್ಲ. ಅದು ತಿಂಗಳುಗಟ್ಟಲೆ ನಿಲ್ಲುತ್ತದೆ, ನೀರು ಬಿದ್ದರೆ ಕೆಸುವಿನೆಲೆಯ ಹನಿಯಂತೆ ಉರುಳುತ್ತದೆ. ಬಾಡಿಗೆ ಹಚ್ಚುವ ವ್ಯಾಕ್ಸು ಪ್ಲಾಸ್ಟಿಕ್ಕಿಗೆ ತಗುಲಿ ಬೆಳ್ಳನೆ ಕಲೆಯಾದರೆ ಮೊಮ್ಮಗನ ರಬ್ಬರಿನಲ್ಲಿ ಉಜ್ಜಿ ತೆಗೆಯುತ್ತಾರೆ. ಮಗು ಲೆಕ್ಕ ತಪ್ಪಿದರೆ ಅಳಿಸಲು ಏನೂ ಇಲ್ಲ.

ಇಷ್ಟೆಲ್ಲ ಮಾಡಿದ ಗಾಡಿ ಎಲ್ಲಿಗೂ ಹೋಗುವುದಿಲ್ಲ. ಹೋದರೆ ಕೊಳೆಯಾಗುತ್ತದಲ್ಲ! ಕಣ್ಣಳತೆಯ ಮಾರ್ಕೆಟ್ಟಿಗೆ ರಾಯರು ಚೀಲ ಹಿಡಿದು ನಡೆದು ಹೋಗುತ್ತಾರೆ, ದೂರಕ್ಕೆ ಮೆಟ್ರೊ. 2015ರಲ್ಲಿ ಚೆನ್ನೈನ ಮೊದಲ ಮೆಟ್ರೊ ಕೋಯಂಬೇಡಿನಿಂದ ಆಲಂದೂರಿಗೆ ಓಡಿದಾಗ ಊರಿನಲ್ಲಿ ಅತ್ಯಂತ ಹೆಚ್ಚು ಸಂತೋಷಪಟ್ಟದ್ದು ಅವರ ಟೈರುಗಳೇ ಇರಬೇಕು.

ಹೋದ ತಿಂಗಳು ಬೆಂಗಳೂರಿನ ಮಗಳ ಮನೆಯಲ್ಲಿ ನಾಮಕರಣ. ಕಾರಿನಲ್ಲೇ ಹೋಗೋಣವೆಂದು ಗಾಳಿ ನೋಡಿಸಲು ಪಂಕ್ಚರ್ ಅಂಗಡಿಗೆ ಒಯ್ದರು. ಜೊತೆಗೆ ನಾನೂ ಇದ್ದೆ. ಅಂಗಡಿಯಾತ ಹೊಳಪನ್ನು ಕಣ್ಣೆತ್ತಿಯೂ ನೋಡಲಿಲ್ಲ. ಕೂತು, ಟೈರಿನ ಪಕ್ಕೆಯಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ಓದಿದ: 1416. ಅಂದರೆ 2016ನೇ ಇಸವಿಯ ಹದಿನಾಲ್ಕನೇ ವಾರ ತಯಾರಾದದ್ದು. ರಾಯರು ನಾಣ್ಯ ತೂರಿಸಿ ತೋರಿಸಿದರು, ಗೀರುಗಳು ಎಷ್ಟು ಆಳ ಇವೆ ನೋಡು ಎಂದು. ಅವನು ಹೆಬ್ಬೆರಳಿನಿಂದ ಪಕ್ಕೆಯನ್ನು ಒತ್ತಿದ. ಕಪ್ಪಿನಡಿಯಲ್ಲಿ ಬತ್ತಿದ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕು.

ರಾಯರು ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಈ ಬಿರುಕಿಗೆ ಹಚ್ಚೋದು ಏನಾದರೂ ಸಿಗತ್ತೇನ್ರೀ?"

ಸಿಗುವುದಿಲ್ಲ. ನಾಲ್ಕು ಹೊಸ ಟೈರು ಬಂದವು, ಮೈಮೇಲೆ ಎಳೆಯ ರಬ್ಬರು ಕೂದಲಿನ ಸಮೇತ. ಅಂಗಡಿಯವನು ಪಾಲಿಶ್ ಡಬ್ಬಿ ಎತ್ತಿಕೊಂಡಾಗ ರಾಯರು ಕೈ ಅಡ್ಡ ಹಿಡಿದರು. ಮನೆಗೆ ತಂದು ಗಾಡಿ ನಿಲ್ಲಿಸಿ ಒಂದು ಸುತ್ತು ಬಂದರು, ಇನ್ನೊಂದು ಸುತ್ತು ಬಂದರು. ಇಷ್ಟು ಹೊಸ ಟೈರನ್ನು ಹೆದ್ದಾರಿಗೆ ಇಳಿಸುವುದೇ?

ರಾತ್ರಿ ಅವರನ್ನು ಬೀಳ್ಕೊಡಲು ಕೋಯಂಬೇಡು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ತೆಂಕಣ ಊರುಗಳ ಬಸ್ಸೆಲ್ಲ ಕಿಲಾಂಬಾಕ್ಕಂ ನಿಲ್ದಾಣಕ್ಕೆ ಹೋದ ಮೇಲೆ ಅಲ್ಲೀಗ ಅರ್ಧ ಗದ್ದಲ. ಬೆಂಗಳೂರು ಬಸ್ಸು ನಿಂತಿತ್ತು. ಮನೆಯಾಕೆ ಹತ್ತಿ ಕೂತಾಗಿತ್ತು. ರಾಯರು ಮಾತ್ರ ಹಿಂದಿನ ಚಕ್ರದ ಮುಂದೆ ಬಗ್ಗಿ, ಬೂದಿ ಬಣ್ಣದ ಟೈರನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು.

"ಏನ್ ಸಾರ್ ನೋಡ್ತಿದ್ದೀರಾ? ಗಾಳಿ ಸರಿಯಾಗಿದೆ, ಹತ್ತಿ" ಅಂದ ಕಂಡಕ್ಟರು.

"ಗಾಳಿ ಇದೆಯಪ್ಪಾ," ಅಂದರು ರಾಯರು ಬೆರಳು ಒರೆಸಿಕೊಳ್ಳುತ್ತ, "ಕಪ್ಪಿಲ್ಲ."