ಒದೆಸಿಕೊಳ್ಳುವ ಯೋಗ

ನೋಡಲು ಬಂದವರಿಗೆಲ್ಲ ನಾನು ಹೇಳಿದ್ದು ಸಿಲಿಂಡರ್ ಕಥೆ. ಒಳಗಿನ ಗ್ಯಾಸೇ 14.2 ಕಿಲೋ, ಕಬ್ಬಿಣವೂ ಸೇರಿದರೆ 30ರ ಹತ್ತಿರ. ಎತ್ತಿದೆ, ಸೊಂಟ ಹಿಡಿಯಿತು. ಬಂದವರು ಲೊಚಗುಟ್ಟುವಷ್ಟರಲ್ಲಿ ಕಾಫಿ ತಂದ ಹೆಂಡತಿ, "ಸಿಲಿಂಡರಲ್ಲ, ಕಾಲುಚೀಲ. ಬಗ್ಗಿ ತಗೋವಾಗ ಸೀನಿದ್ರು" ಎಂದು ತಿದ್ದುಪಡಿ ಹಾಕುತ್ತಿದ್ದಳು.

ಸೀನಿದ್ದು ಒಂದೇ ಸಲ. ನೋವು ಸೊಂಟದಲ್ಲಿ ಹತ್ತಿ, ಎಡತೊಡೆ, ಮೀನಖಂಡ ದಾಟಿ, ತಡೆರಹಿತ ಬಸ್ಸಿನಂತೆ ಹೆಬ್ಬೆರಳಿಗೇ ಬಂದು ಇಳಿಯಿತು.

ಈಗಲೇ ಎಂಆರ್‌ಐ ಬೇಡ ಅಂದರು ಡಾಕ್ಟರು. ಹಠ ಹಿಡಿದು ಮಾಡಿಸಿದೆ. ಎಲ್4-ಎಲ್5 ಡಿಸ್ಕ್ ಉಬ್ಬಿ ನರಕ್ಕೆ ತಾಗಿದೆ ಅಂತ ವರದಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ನಾನು ಅಷ್ಟು ಹೆಮ್ಮೆಯಿಂದ ಹಿಡಿದವನಲ್ಲ. "ಹೊರಗೆ ನಾರು, ಒಳಗೆ ಲೋಳೆ. ಹೋಳಿಗೆ ಅಂಚು ಬಿಟ್ಟು ಹೂರಣ ಈಚೆ ಬರುತ್ತಲ್ಲ, ಹಾಗೆ" ಎಂದರು ಡಾಕ್ಟರು. "ಕಣಕ ಸರಿಯಾಗಿ ನಾದಿಲ್ಲ" ಎಂದಳು ಇವಳು, ನನ್ನ ಅಮ್ಮನ ಫೋಟೋ ನೆನೆಸಿಕೊಂಡಂತೆ.

ಆಮೇಲೆ ಡಾಕ್ಟರು ನನ್ನ ಮಾನ ಕಳೆದರು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರನ್ನು ಎಂಆರ್‌ಐಗೆ ಮಲಗಿಸಿದ್ದರಂತೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಉಬ್ಬಿದ ಡಿಸ್ಕು! "ನಿಮ್ಮ ಮನೆಯವರಿಗೂ ಇದ್ದೀತು."

"ನಂಗಿದ್ರೆ ದೋಸೆ ಯಾರು ಹುಯ್ತಾರೆ?"

ಆಪರೇಷನ್ನಾದರೂ ಸಿಕ್ಕೀತೇ ಎಂದು ಕೇಳಿದೆ. "ಮೂತ್ರ ಕಟ್ಟಿದೆಯಾ? ಕೂರುವ ಜಾಗ ಮರಗಟ್ಟಿದೆಯಾ? ಪಾದ ಎತ್ತೋಕಾಗ್ತಿಲ್ವಾ? ಇದ್ದರೆ ಇವತ್ತೇ ಅಡ್ಮಿಟ್." ಯಾವುದೂ ಇರಲಿಲ್ಲ. "ಹಾಗಾದರೆ ನಡೀರಿ. ಆರರಿಂದ ಹನ್ನೆರಡು ವಾರದಲ್ಲಿ ಹೆಚ್ಚಿನವರಿಗೆ ತಾನಾಗೇ ಇಳಿಯುತ್ತೆ. ಎಷ್ಟೋ ಸಲ ಹೊರಬಂದ ಹೂರಣವನ್ನ ಮೈಯೇ ಕರಗಿಸುತ್ತೆ. ಇಳೀದಿದ್ರೆ ಆಗ ಆಪರೇಷನ್ ಮಾತು. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಬೇಡಿ." ನಾನಾದರೋ ತಿಂಗಳಿಗಾಗುವಷ್ಟು ವಾರಪತ್ರಿಕೆ ದಿಂಬಿನ ಪಕ್ಕ ಪೇರಿಸಿಯಾಗಿತ್ತು.

ಎದುರುಮನೆಯವರು ಬೆಲ್ಟ್ ಕೊಟ್ಟರು. ಅತ್ತಿಗೆ ಮಹಾನಾರಾಯಣ ತೈಲ ಕಳಿಸಿದರು. ಫಿಸಿಯೋ ಹುಡುಗಿ ಬೆಳಿಗ್ಗೆ ಸಂಜೆ ವ್ಯಾಯಾಮ ಬರೆದುಕೊಟ್ಟಳು. ಅಷ್ಟರಲ್ಲಿ ಊರಿಂದ ನಮ್ಮತ್ತೆ ಫೋನು: "ಅಳಿಯಂದಿರೇ, ನಮ್ಮ ಹುಡುಗಿ ಕಾಲು ಮುಂದಾಗಿ ಹುಟ್ಟಿದೋಳು, ಮರೆತ್ರಾ?"

ಹಾಗೆ ಹುಟ್ಟಿದವರಿಂದ ಒದೆಸಿಕೊಂಡರೆ ಸೊಂಟದ ಹಿಡಿತ ಬಿಡುತ್ತದೆಂಬ ನಂಬಿಕೆ ನಮ್ಮ ಕಡೆ ಇದೆ. "ಹುಷಾರು, ಜೋರಾಗಿ ಒದ್ದು ನನ್ನ ಹತ್ರ ಕರ್ಕೊಂಡು ಬರಬೇಡಿ" ಎಂದರು ಡಾಕ್ಟರು. ಮೂರು ಸಲ ಮೆಲ್ಲಗೆ ಪಾದ ತಾಕಿಸುವುದು, ಅಷ್ಟೇ ಶಾಸ್ತ್ರ. 31 ವರ್ಷದ ಸಂಸಾರದಲ್ಲಿ ಇವಳು ಯಾವ ವ್ರತವನ್ನೂ ಇಷ್ಟು ಶ್ರದ್ಧೆಯಿಂದ ಮಾಡಿದ್ದು ನಾನು ಕಾಣೆ. ಭಾನುವಾರ ಎಣ್ಣೆ ನೀರು ಹಾಕಿಕೊಂಡು, ಸೆರಗು ಸಿಕ್ಕಿಸಿ, ನನ್ನನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸುವಳು. ಶಾಸ್ತ್ರಕ್ಕೆ ಮೂರು. ನಾಲ್ಕನೆಯದು ಯಾವುದರ ಲೆಕ್ಕಕ್ಕೆಂದು ನಾನು ಕೇಳಲಿಲ್ಲ.

ಏಳನೇ ವಾರ ನೋವು ಹೋಯಿತು. ಹೇಳಿರಲಿಲ್ಲವೇ ಎಂದರು ಡಾಕ್ಟರು. ವ್ಯಾಯಾಮದ ಫಲ ಎಂದಳು ಫಿಸಿಯೋ. ಬೆಲ್ಟ್, ತೈಲದವರೂ ತಂತಮ್ಮ ಪಾಲು ಕೇಳಿದರು. ಇವಳು ಮಾತ್ರ ಏನೂ ಅನ್ನಲಿಲ್ಲ.

ಮುಂದಿನ ಭಾನುವಾರ ಬಾಗಿಲು ತೆಗೆದರೆ, ಹಿಂದಿನ ಬೀದಿಯ ಇಬ್ಬರು ಸೊಂಟ ಹಿಡಿದುಕೊಂಡು ನಿಂತಿದ್ದಾರೆ.

"ರೀ, ಎರಡು ಕುರ್ಚಿ ತಂದು ಹಾಕಿ" ಎಂದಳು ಒಳಗಿನಿಂದ. "ಬಗ್ಗೋವಾಗ ಸೀನ್ಬೇಡಿ."